ಕಂಟ್ರೋಲ್ ಒತ್ತಿ ಎಫ್ ಒಂಬತ್ತು

ಹೊಳೆನರಸೀಪುರ
೧೬-೮-೨೦೦೬, ಬುಧವಾರ

ಚಿ. ಶರ್ವಾಣಿಗೆ,

ಹಂಸಕ್ಕ ಮಾಡುವ ಆಶೀರ್ವಾದ. ನಿನ್ನ ಹೆಸರಿನ ಹಿಂದೆ ಏನು ಬರೆಯಬೇಕೆಂದು ಯೋಚಿಸುವಷ್ಟರಲ್ಲಿ ಕಾಫಿ ಆರಿಹೋಯಿತು. ಮದುವೆಯಾಗಿದ್ದರೆ 'ಸೌ.' ಎಂದು ಬರೆದು ನಾನೂ ನಿಶ್ಚಿಂತೆಯಾಗಿ ಇರಬಹುದಿತ್ತು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಇಲ್ಲಿ ಕ್ಷೇಮವಿಲ್ಲ, ಅದಕ್ಕೇ ಈ ಕಾಗದ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಬರುವ ಭಾನುವಾರ ನಮ್ಮನೆಯವರು ನಿನ್ನನ್ನು ಕರೆತರಲು ಚನ್ನರಾಯಪಟ್ಟಣಕ್ಕೆ ಬರುವವರಿದ್ದಾರೆ. ನೀನು ಬರಬೇಡ. ಏನು ಕೆಟ್ಟಿದೆ ಎನ್ನುವುದನ್ನು ನಾನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಮದ್ದೇನು ಎನ್ನುವುದನ್ನು ನೀನು ಬರೆದು ಕಳಿಸು. ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಮ್ಮ ಫೋನು ಪಡಸಾಲೆಯಲ್ಲಿದೆ, ಅದರ ಪಕ್ಕಕ್ಕೇ ನಮ್ಮತ್ತೆ ಕಾಮಾಕ್ಷಮ್ಮನವರ ಮಂಚ. ಅಲ್ಲದೆ ನಿನ್ನ ದನಿ ಕೇಳಿದರೆ ಹೇಳಬೇಕಾದ್ದನ್ನೆಲ್ಲ ನುಂಗಿಕೊಂಡು 'ಊಟ ಆಯ್ತೇನೇ' ಎಂದು ಕೇಳಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಕೆಟ್ಟಿರುವುದು ತಿಥಿಯ ಪ್ರೋಗ್ರಾಮು. ಹನ್ನೆರಡು ವರ್ಷದ ಹಿಂದೆ ನೀನೂ ಇವರೂ ನಮ್ಮ ಪಡಸಾಲೆಯಲ್ಲಿ ಕೂತು ಹುಟ್ಟಿಸಿದಿರಲ್ಲ, ಅದು. ಪುರೋಹಿತರ ಮನೆಯ ಪಾಡು ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಯಾರ ಮನೆಯ ಹಿರಿಯರ ಶ್ರಾದ್ಧ ಯಾವ ತಿಥಿ ಎನ್ನುವುದು ಆ ಮನೆಯವರಿಗಿಂತ ನಮಗೇ ಚೆನ್ನಾಗಿ ಗೊತ್ತಿರಬೇಕು. ತಿಥಿ ಪ್ರತಿವರ್ಷ ಬೇರೆ ಬೇರೆ ತಾರೀಖಿಗೆ ಬೀಳುತ್ತದೆ, ಜನಕ್ಕೆ ಲೆಕ್ಕ ಸಿಕ್ಕುವುದಿಲ್ಲ. 'ಈ ಸಲ ನಿಮ್ಮ ತಂದೆಯವರ ಶ್ರಾದ್ಧ ಇಂಥ ದಿನ' ಎಂದು ಕೊಣನೂರು, ನುಗ್ಗೇಹಳ್ಳಿ, ಸಾಲಗಾಮೆಯ ಮನೆಮನೆಗೂ ಕಾರ್ಡು ಬರೆಯುವುದು ನಮ್ಮ ಮಾವನವರ ಕಾಲದಿಂದ ನಡೆದುಬಂದ ಪದ್ಧತಿ. ಆ ಲೆಕ್ಕವನ್ನು ಕಂಪ್ಯೂಟರಿಗೆ ಕಲಿಸೋಣ ಎನ್ನುವ ಹುಚ್ಚು ಇವರಿಗೆ ಹಿಡಿಯಿತು. ಮೇಷ್ಟರುಗಳಿಗೆ ಕಂಪ್ಯೂಟರ್ ತರಬೇತಿ ಎಂದು ಹಾಸನಕ್ಕೆ ಹೋದವರು, ಕಲಿಸುವವಳನ್ನೇ ಮನೆಗೆ ಕರೆದುಕೊಂಡು ಬಂದರು!

ಆ ಭಾನುವಾರಗಳನ್ನು ನಾನು ಮರೆತಿಲ್ಲ. ನೀವಿಬ್ಬರೂ ಪಡಸಾಲೆಯಲ್ಲಿ, ನಾನು ಒಲೆಯ ಮುಂದೆ. ಮೊದಲು ಟಕಟಕ ಸದ್ದು, ಆಮೇಲೆ ಪಿಸಪಿಸ, ಆಮೇಲೆ ಇಬ್ಬರೂ ಗೊಳ್ಳೆಂದು ನಗುವುದು. ಇವರಿಗೆ ಅಷ್ಟು ಜೋರಾಗಿ ನಗಲು ಬರುತ್ತದೆ ಎಂಬುದೇ ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ ಕಣೆ. ನನ್ನ ಜೊತೆ ಮಾತೆಂದರೆ ಹಾಲು ಒಡೆಯಿತೇ, ಪಂಚೆ ಒಣಗಿತೇ, ಅಮ್ಮನಿಗೆ ಮಾತ್ರೆ ಕೊಟ್ಟೆಯಾ. ಏನು ನಗು ಎಂದು ನಾನು ಕೇಳಿದರೆ 'ನಿನಗೆ ತಿಳಿಯಲ್ಲ ಬಿಡೇ' ಎನ್ನುತ್ತಿದ್ದರು. ನೀನಾದರೂ ಊಟಕ್ಕೆ ಕೂತಾಗ ಮೂತಿ ತಿರುಗಿಸಿದ್ದರೆ ಆಗುತ್ತಿತ್ತು. ಅದೂ ಇಲ್ಲ. 'ಸಾರು ಎಷ್ಟು ಚೆನ್ನಾಗಿದೆ ಹಂಸಕ್ಕ' ಎಂದು ಎರಡು ಸಲ ಹಾಕಿಸಿಕೊಂಡು, ಎಲೆ ನೀನೇ ಎತ್ತುತ್ತಿದ್ದೆ. ನಿನ್ನನ್ನು ನೆಮ್ಮದಿಯಾಗಿ ಬೈದುಕೊಳ್ಳುವುದಕ್ಕೂ ನೀನು ಬಿಡಲಿಲ್ಲ. ನನಗೆ ಹೊಟ್ಟೆಕಿಚ್ಚು ಶರ್ವಾಣಿ. ಮುಚ್ಚುಮರೆಯೇನು? ಆಗಲೂ ಇತ್ತು, ಈಗಲೂ ಇದೆ.

ನಿನಗೆ ಚನ್ನರಾಯಪಟ್ಟಣದಲ್ಲಿ ಕೆಲಸ ಸಿಕ್ಕಿ ಬರುವುದು ನಿಂತ ಮೇಲೆ ಇವರು ಆ ಮಿಷನ್ನಿನ ಮುಂದೆ ಕೂರುವುದೇ ಅಪರೂಪವಾಯಿತು. ಮಾವನವರು 'ಹಂಸಾ, ನೀನೇ ನೋಡಮ್ಮ' ಎಂದರು. ನೋಡಿದೆ. ಅಲ್ಲಿಂದ ಇಲ್ಲಿಯತನಕ ಯುಗಾದಿಯ ಹೊಸ ಪಂಚಾಂಗ ತುಂಬಿಸುವವಳು ನಾನು, ಆ ವರ್ಷ ತೀರಿಕೊಂಡವರನ್ನು ಸೇರಿಸುವವಳು ನಾನು, ಕಾರ್ಡು ಬರೆಯುವವಳು ನಾನು. ಹೆತ್ತವಳು ದೇವಕಿಯಾದರೇನು, ಸಾಕಿದವಳು ಯಶೋದೆ. ನಿನ್ನ ಪ್ರೋಗ್ರಾಮು ಎಂದು ಇವರು ಇನ್ನೂ ಅನ್ನುತ್ತಾರೆ. ಅಂದಾಗಲೆಲ್ಲ ನನಗೆ ಮೈಯುರಿಯುತ್ತದೆ.

ನೀನಿಲ್ಲದೆ ಏನೂ ನಿಂತಿಲ್ಲ ಎನ್ನುವುದೂ ನಿನಗೆ ತಿಳಿದಿರಲಿ. ಎರಡು ವರ್ಷದ ಹಿಂದೆ ಅಧಿಕ ಶ್ರಾವಣ ಬಂದು ತಾರೀಖೆಲ್ಲ ಒಂದು ತಿಂಗಳು ಹಿಂದುಮುಂದಾದಾಗ ಸರಿಮಾಡಿದವರು ಇವರೇ. ಊರುವಾರು ಬೇರೆ ಬೇರೆ ಬರಲಿ, ಕೊಣನೂರಿನ ಕಾರ್ಡೆಲ್ಲ ಒಂದು ಕಟ್ಟಾಗಲಿ ಎಂದು ನಾನು ಹೇಳಿದ್ದೇ ತಡ, ಅದನ್ನೂ ಒಬ್ಬರೇ ಕೂತು ಮಾಡಿಕೊಟ್ಟರು. ಹೆಂಡತಿ ಕೇಳಿದ್ದಕ್ಕೆ ಮಾಡಿದರು ಎನ್ನುವುದನ್ನು ಗಮನಿಸು.

ಈಗ ರೋಗಕ್ಕೆ ಬರುತ್ತೇನೆ. ಆಷಾಢದಲ್ಲಿ ಹಳೆಯ ಕಂಪ್ಯೂಟರಿನಿಂದ ಹೊಗೆ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಅನಿಲ್‌ಕುಮಾರ್ ಎನ್ನುವವನು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ಗೌಡರ ಹುಡುಗ, ಕೆಲಸ ಬಲ್ಲವನು. ಒಳಗಿದ್ದುದನ್ನೆಲ್ಲ ಹೊಸ ಮಿಷನ್ನಿಗೆ ಇಳಿಸಿಕೊಟ್ಟ. 'ಹೊಸಾದ್ರಾಗೆ ಹಳೇ ಪ್ರೋಗ್ರಾಮು ಓಡಾಕಿಲ್ಲ ಕಣಕ್ಕಾ. ಅದ್ಕೇ ಎಮ್ಯುಲೇಟರ್ ಅಂತ ಒಂದು ಆಕಿವ್ನಿ. ಅದು ಹಳೇ ಮಿಷನ್ ವೇಸ ಆಕ್ಕಂಡು ಕುಂತ್ಕತದೆ, ನಿಮ್ ಪ್ರೋಗ್ರಾಮ್ಗೆ ಯತ್ವಾಸ ಗೊತ್ತಾಗಾಕಿಲ್ಲ' ಎಂದ. ನೋಡಿದರೆ ನಿಜ. ಅದೇ ಕಪ್ಪು ಪರದೆ, ಅದೇ ಬಿಳಿ ಅಕ್ಷರ. ನನಗೆ ಕಣ್ಣಲ್ಲಿ ನೀರೇ ಬಂತು.

ಆದರೆ ಕೀಬೋರ್ಡು ಮಾತ್ರ ವೇಷಕ್ಕೆ ಒಪ್ಪಲಿಲ್ಲ. ಮೊದಲನೆಯದು, ಕ್ಯಾಪ್ಸ್ ಲಾಕಿನ ದೀಪ ಹತ್ತಿದ್ದರೆ ಸಣ್ಣಕ್ಷರ ಬೀಳುವುದು, ಆರಿದ್ದರೆ ದೊಡ್ಡಕ್ಷರ. ಅದಕ್ಕೆ ನಾನೇ ದಾರಿ ಕಂಡುಕೊಂಡೆ. ಪರದೆ ತೆರೆಯುವ ಮೊದಲೇ ದೀಪ ಆರಿಸಿಬಿಟ್ಟರೆ ತಕರಾರಿಲ್ಲ. ಎರಡನೆಯದು ನನ್ನ ಕೈ ಮೀರಿದ್ದು. ಎಲ್ಲ ತುಂಬಿಸಿ ಕೊನೆಗೆ ಕಂಟ್ರೋಲ್ ಒತ್ತಿ ಹಿಡಿದು ಎಫ್ ಒಂಬತ್ತು ಒತ್ತಬೇಕಲ್ಲ, ಆಗ ತಾನೇ ಅದು ತಾರೀಖು ಲೆಕ್ಕ ಹಾಕಿ ಎಲ್ಲವನ್ನೂ ಉಳಿಸಿಕೊಳ್ಳುವುದು? ಒತ್ತಿದರೆ ಪರದೆಯೇ ಮಾಯ! ತಪ್ಪು ಅನ್ನುವುದಿಲ್ಲ, ಕಿರ್ ಅನ್ನುವುದಿಲ್ಲ, ಗಪ್ಪನೆ ಆರಿಹೋಗುತ್ತದೆ. ಮತ್ತೆ ತೆರೆದರೆ ತುಂಬಿಸಿದ್ದು ಒಂದಕ್ಷರವೂ ಇಲ್ಲ.

ಅನಿಲ ಕೀಬೋರ್ಡು ಬದಲಾಯಿಸಿದ, ವೈರಸ್ ಎಂದು ತೊಳೆದ. ಏನೂ ಆಗಲಿಲ್ಲ. ಅಷ್ಟು ಹೊತ್ತಿಗೆ ನಮ್ಮತ್ತೆ ಕಾರಣ ಹುಡುಕಿಬಿಟ್ಟಿದ್ದರು. ಈ ವರ್ಷ ನಾನು ಮೊದಲು ಸೇರಿಸಿದ ಹೆಸರು ನುಗ್ಗೇಹಳ್ಳಿಯಲ್ಲಿ ಬಾವಿಗೆ ಬಿದ್ದು ಹೋದ ಒಬ್ಬ ಹೆಂಗಸಿನದು. 'ಅಪಮೃತ್ಯುವನ್ನ ಮೊದಲು ಬರೆದರೆ ಇನ್ನೇನಾದೀತೇ' ಎಂದರು. ಸರಿ, ತುಂಬು ಆಯುಷ್ಯ ಮುಗಿಸಿ ಮೊಮ್ಮಕ್ಕಳ ಕೈಲಿ ನೀರು ಕುಡಿದು ಹೋದ ಹಿರಿಯರೊಬ್ಬರನ್ನು ಮೊದಲು ಬರೆದೆ. ಅವರನ್ನೂ ನುಂಗಿತು. ಆಮೇಲೆ ಇವರು, ವಿಜ್ಞಾನದ ಮೇಷ್ಟರು, ಮಡಿಯುಟ್ಟು ಕೂತು ಕೀಬೋರ್ಡಿಗೆ ಶಾಂತಿ ಮಾಡಿದರು ಕಣೆ! ಅಕ್ಷತೆ ಕಾಳು ಸ್ಪೇಸ್ ಬಾರಿನ ಅಡಿಗೆ ಹೋಗಿ ಸೇರಿ ಅದೂ ಹಿಡಿದುಕೊಂಡಿತು. ಅನಿಲ ಬಂದು ಬಿಚ್ಚಿ, 'ಯಾರಕ್ಕಾ ಕೀಬೋರ್ಡ್ಗೆ ಅಕ್ಕಿ ಆಕೋರು' ಎಂದು ಕೇಳಿದಾಗ ನಾನು ಅಡಿಗೆಮನೆಗೆ ಓಡಿಹೋದೆ.

ನಗು ಅಲ್ಲಿಗೇ ಮುಗಿಯಿತು. ಕಳೆದ ಭಾನುವಾರ ಇವರು, 'ಇದು ಶರ್ವಾಣಿಯ ಕೈ, ಅವಳೇ ಬರಬೇಕು' ಎಂದರು. ಎಂದವರ ಮುಖ ನೀನು ನೋಡಬೇಕಿತ್ತು. ಬೇಡ, ನೀನು ನೋಡುವುದು ಬೇಡ. ಎದ್ದು ಹೋಗಿ ಪುಸ್ತಕ ನೋಡದೆ, ಯಾರನ್ನೂ ಕೇಳದೆ, ನಿನ್ನ ಮನೆಯ ನಂಬರನ್ನು ಟಕಟಕನೆ ಒತ್ತಿದರು. ನನ್ನ ನಕ್ಷತ್ರ ಯಾವುದೆಂದು ದೇವಸ್ಥಾನದಲ್ಲಿ ಅರ್ಚನೆಗೆ ನಿಂತಾಗಲೆಲ್ಲ ನನ್ನ ಮುಖ ನೋಡುವ ಮನುಷ್ಯ! ಎಲ್ಲಿ ಕಲಿತರು ಆ ನಂಬರನ್ನು? ಎಷ್ಟು ಸಲ ಒತ್ತಿದ್ದಾರೆ? ನೀನು ಎತ್ತಲಿಲ್ಲ, ಪುಣ್ಯ. ಹಾಗಾದರೆ ಬರುವ ಭಾನುವಾರ ನಾನೇ ಹೋಗಿ ಕರೆತರುತ್ತೇನೆ ಎಂದು ಶರಟು ಇಸ್ತ್ರಿಗೆ ಕೊಟ್ಟಿದ್ದಾರೆ.

ಮಹಾಲಯ ಪಕ್ಷ ಹತ್ತಿರ ಬರುತ್ತಿದೆ, ಕಾರ್ಡುಗಳು ಹೊರಡಬೇಕು. ಪ್ರೋಗ್ರಾಮು ಸರಿಹೋಗಲೇಬೇಕು. ಆದರೆ ನೀನು ಬಂದು ಆ ಕುರ್ಚಿಯಲ್ಲಿ ಕೂತು, ಇವರು ಪಕ್ಕಕ್ಕೆ ಸ್ಟೂಲು ಹಾಕಿಕೊಂಡು, ನಾನು ಮತ್ತೆ ಒಲೆಯ ಮುಂದೆ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಇದು ನನ್ನ ಜಾಗ. ಈ ಕಾಗದವನ್ನು ಬಸ್ ಕಂಡಕ್ಟರ್ ಮಂಚಯ್ಯನ ಕೈಲಿ ಕಳಿಸುತ್ತಿದ್ದೇನೆ. ನಾಳೆ ಅವನ ಕೈಲೇ ಉತ್ತರ ಕೊಡು.

ಇಂತಿ,
ಸೌ. ಹಂಸ ಪಟ್ಟಾಭಿರಾಮ

ಮ. ಸ.: ಈ ಕಾಗದದ ವಿಷಯ ಇವರಿಗೆ ಗೊತ್ತಿಲ್ಲ. ನೀನು ಹೇಳಿದರೆ ಇವರ ಮುಖ ನೋಡಿಯೇ ನನಗೆ ತಿಳಿಯುತ್ತದೆ.

*

ಚನ್ನರಾಯಪಟ್ಟಣ
೧೭-೮-೨೦೦೬

ಹಂಸಕ್ಕನಿಗೆ ಶರ್ವಾಣಿಯ ನಮಸ್ಕಾರಗಳು.

ಮಂಚಯ್ಯ ಬಸ್ಸು ಹೊರಡುವ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾನೆ. ಮೊದಲು ಔಷಧಿ ಬರೆಯುತ್ತೇನೆ.

ನಿಮ್ಮ ಕೀಬೋರ್ಡಿಗೆ ಏನೂ ಆಗಿಲ್ಲ, ನುಗ್ಗೇಹಳ್ಳಿಯ ಆ ತಾಯಿಯ ತಪ್ಪೂ ಇಲ್ಲ. ನೀವು ಒತ್ತುವ ಕೀಲಿ ನಮ್ಮ ಪ್ರೋಗ್ರಾಮಿಗೆ ತಲುಪುತ್ತಲೇ ಇಲ್ಲ. ಬಾಗಿಲಲ್ಲಿ ನಿಂತ ಎಮ್ಯುಲೇಟರು ಅದನ್ನು ನಡುವೆಯೇ ಹಿಡಿದುಕೊಳ್ಳುತ್ತದೆ. ಅದರ ಭಾಷೆಯಲ್ಲಿ ಕಂಟ್ರೋಲ್ ಎಫ್ ಒಂಬತ್ತು ಎಂದರೆ 'ಅಂಗಡಿ ಮುಚ್ಚು' ಎಂದು ಅರ್ಥ. ನಮ್ಮದರಲ್ಲಿ 'ಲೆಕ್ಕ ಹಾಕಿ ಉಳಿಸು'. ಬೇರೆ ಯಾವ ಕೀಲಿಯನ್ನು ಇಟ್ಟಿದ್ದರೂ ಈ ತಾಪತ್ರಯ ಬರುತ್ತಿರಲಿಲ್ಲ. ಆದರೆ ನಾನು ಪ್ರೋಗ್ರಾಮು ಬರೆಯುತ್ತಿದ್ದ ಕಡೆ, ಬರೆದದ್ದನ್ನು ಓಡಿಸಿ ನೋಡಲು ಒತ್ತುತ್ತಿದ್ದುದು ಇದನ್ನೇ, ಬೆರಳಿಗೆ ಅಭ್ಯಾಸವಾಗಿತ್ತು. ನಮ್ಮ ಕಾಲೇಜಿನಲ್ಲೂ ಹಳೆಯ ಪಾಠಕ್ಕೆ ಇದೇ ಎಮ್ಯುಲೇಟರ್ ಹಾಕಿದ್ದೇವೆ. ಮೊದಲ ದಿನ ತರಗತಿಯ ಎಲ್ಲರ ಪರದೆಯೂ ಹೀಗೆಯೇ ಆರಿಹೋಗಿತ್ತು.

ಹೀಗೆ ಮಾಡಿ. ಕಪ್ಪು ಪರದೆ ತೆರೆದ ಮೇಲೆ ಕಂಟ್ರೋಲ್ ಹಿಡಿದು ಎಫ್ ಒಂದು ಒತ್ತಿ. ಕೀಬೋರ್ಡಿನ ಚಿತ್ರವೇ ಎದುರಿಗೆ ಬರುತ್ತದೆ. ಕೆಳಗಡೆ ಬೇರೆ ಚೌಕಗಳಿವೆ, ಅವುಗಳಲ್ಲಿ ಶಟ್‌ಡೌನ್ ಎಂದು ಇಂಗ್ಲಿಷಿನಲ್ಲಿ ಬರೆದಿರುವುದನ್ನು ಮೌಸಿನಿಂದ ಒತ್ತಿ. ಆಮೇಲೆ ಡೆಲ್ ಎಂದಿರುವುದನ್ನು ಒತ್ತಿ. ಆಗ ಅಂಗಡಿ ಮುಚ್ಚುವ ಅಧಿಕಾರ ಆ ಕೀಲಿಗೆ ತಪ್ಪುತ್ತದೆ. ಸೇವ್ ಒತ್ತುವುದನ್ನು ಮರೆಯಬೇಡಿ, ಮರೆತರೆ ಮಾರನೆಯ ದಿನ ಮತ್ತೆ ಅದೇ ಕಥೆ. ಕೊನೆಗೆ ಎಕ್ಸಿಟ್. ಅಷ್ಟೇ. ಕ್ಯಾಪ್ಸ್ ಲಾಕಿಗೆ ನೀವು ಕಂಡುಕೊಂಡ ದಾರಿಯೇ ಸರಿ, ನಾನೂ ಅದನ್ನೇ ಹೇಳುತ್ತಿದ್ದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಮ್ಮ ಕಾಗದದಲ್ಲಿ ಒಂದು ಮಾತು ಇರದಿದ್ದರೆ ನಿಲ್ಲಿಸುತ್ತಿದ್ದೆ. ಅಧಿಕ ಶ್ರಾವಣದ್ದನ್ನು ಅವರು ಒಬ್ಬರೇ ಸರಿಮಾಡಿದರು ಎಂದು ಬರೆದಿದ್ದೀರಿ. ಹಂಸಕ್ಕ, ನನಗೂ ಒಂದು ಹೊಟ್ಟೆಯಿದೆ, ಅದೂ ಉರಿಯುತ್ತದೆ. ಅದನ್ನು ಮಾಡಿದವಳು ನಾನು. ಊರುವಾರು ಬೇರೆ ಮಾಡಿದವಳೂ ನಾನು. ಮೇಷ್ಟ್ರಿಗೆ ಪಂಚಾಂಗದ ಲೆಕ್ಕ ಬರುತ್ತದೆ, ಪ್ರೋಗ್ರಾಮು ಬರೆಯಲು ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಸ್ಕೂಲಿನಿಂದ ಫೋನ್ ಮಾಡಿ 'ಹಂಸ ಹೀಗೆ ಬೇಕು ಅಂತಾಳೆ' ಎನ್ನುವುದು, ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಫ್ಲಾಪಿ ಇಸಿದುಕೊಂಡು ವಾಪಸು ಬಸ್ ಹತ್ತುವುದು. ಆ ನಂಬರು ಬಾಯಿಪಾಠವಾದದ್ದು ಹಾಗೆ. ಹಂಸನಿಗೆ ಇದು ಸಾಲದು, ಹಂಸನಿಗೆ ಅದು ಕಷ್ಟ, ಹಂಸ ಕಾರ್ಡು ಬರೆದು ಕೈನೋವು ಅಂತಾಳೆ. ನನ್ನ ಮುಂದೆ ಕೂತು ಬೇರೆ ಮಾತೇ ಇಲ್ಲ. ಕೇಳಿ ಕೇಳಿ ನಾನು ಎಷ್ಟೋ ಸಲ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಿದ್ದೇನೆ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ನೀವು ಸುಮ್ಮಸುಮ್ಮನೆ ಹೊಟ್ಟೆಕಿಚ್ಚು ಪಟ್ಟಿಲ್ಲ. ಭಾನುವಾರ ಫೋನು ಹೊಡೆದುಕೊಂಡಾಗ ನಾನು ಅದರ ಪಕ್ಕದಲ್ಲೇ ಇದ್ದೆ. ನಮ್ಮದು ನಂಬರು ಕಾಣಿಸುವ ಫೋನು. ಎತ್ತಿದ್ದರೆ ಮುಂದಿನ ಬಸ್ಸಿಗೇ ಹೊರಟುಬಿಡುತ್ತಿದ್ದೆ, ಅದಕ್ಕೇ ಎತ್ತಲಿಲ್ಲ. ನಾನು ನಿಮ್ಮ ಮನೆಗೆ ಬರುವುದು ನಿಲ್ಲಿಸಿದ್ದು ಕೆಲಸ ಸಿಕ್ಕಿದ್ದಕ್ಕಲ್ಲ. ಚನ್ನರಾಯಪಟ್ಟಣವೇನು ಕಾಶಿಯೇ? ನಿಮ್ಮ ಕೈಯ ಊಟ ಉಂಡು ಹೊರಟು, ವಾಪಸು ಬಸ್ಸಿನಲ್ಲಿ ಕೂತ ಕೂಡಲೇ ಅಳು ಬರಲು ಶುರುವಾಗಿತ್ತು. ಅದಕ್ಕೇ ನಿಲ್ಲಿಸಿದೆ. ಅವರಿಗೆ ಇದು ಗೊತ್ತಿಲ್ಲ, ಅದು ತಿಳಿಯುವ ಜಾತಿಯ ಮನುಷ್ಯರೂ ಅವರಲ್ಲ. ಮಂಚಯ್ಯ ಕೂಗುತ್ತಿದ್ದಾನೆ.

ನಿಮ್ಮ,
ಶರ್ವಾಣಿ

ಮ. ಸ.: ದಯವಿಟ್ಟು ಭಾನುವಾರ ಅವರನ್ನು ಕಳಿಸಬೇಡಿ.

*

ಹೊಳೆನರಸೀಪುರ
೨೧-೮-೨೦೦೬, ಸೋಮವಾರ

ಶರ್ವಾಣಿ,

ನಿನ್ನ ಕಾಗದ ಕೈಗೆ ಬಂದಾಗ ನಾನು ಸೊಪ್ಪು ಸೋಸುತ್ತಿದ್ದೆ. ಮಂಚಯ್ಯನನ್ನು ಹಾಗೇ ಬಿಡಲಿಲ್ಲ, ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು, ಆಯಮ್ಮ ಈಗ ಹೇಗಿದ್ದಾಳಪ್ಪ ಎಂದು ಕೇಳಿದೆ. 'ತಲೆ ವಸಿ ನರ್ತದೆ ಕಣವ್ವಾ' ಎಂದ. ನನಗೆ ಸಮಾಧಾನವಾಗುವಷ್ಟರಲ್ಲಿ, 'ಆದ್ರೂವೆ ಲಕ್ಷಣವಾಗವ್ರೆ ಬುಡಿ' ಎಂದುಬಿಟ್ಟ. ಇನ್ನೊಂದು ಲೋಟ ಕೊಡಬೇಕೆಂದಿದ್ದೆ, ಕೊಡಲಿಲ್ಲ.

ಓದಿದೆ. ನಿಜ ಹೇಳಲೇ? ನೀನು ಫೋನು ಎತ್ತದ ಸಂಗತಿ ಓದಿದಾಗ ಮೊದಲು ನನಗೆ ಖುಷಿಯಾಯಿತು. ಹನ್ನೆರಡು ವರ್ಷ ಎಲ್ಲರೂ ನನ್ನನ್ನು ಅನುಮಾನದ ಪಿಶಾಚಿ ಎಂದರು. ಅತ್ತೆ ಅಂದರು, ನಮ್ಮಕ್ಕ ಅಂದಳು, ನಾನೇ ನನ್ನನ್ನು ಅಂದುಕೊಂಡೆ. ನಾನು ಸರಿಯಾಗಿದ್ದೆ! ಆ ಖುಷಿ ಸೊಪ್ಪು ಬೇಯುವ ತನಕವೂ ಇರಲಿಲ್ಲ. ಆಮೇಲೆ ಉರಿ ಹತ್ತಿತು ನೋಡು, ನಿನ್ನ ಕಾಗದವನ್ನು ಬಚ್ಚಲೊಲೆಗೆ ಹಾಕಿದೆ. ಔಷಧಿ ಬರೆದ ಹಾಳೆಯನ್ನು ಮಾತ್ರ ಹರಿದು ಇಟ್ಟುಕೊಂಡೆ. ನನ್ನ ಮನೆಯ ಊಟ ಉಂಡು ನನ್ನ ಗಂಡನಿಗಾಗಿ ಅತ್ತೆಯಲ್ಲ, ನಿನಗೆ ಏನನ್ನಬೇಕು? ಆದರೆ ಅಳುವುದು ಶುರುವಾದ ಕೂಡಲೇ ಎದ್ದು ಹೋದೆಯಲ್ಲ, ಆ ಒಂದು ಮಾತಿಗೆ ಬಾಯಿಗೆ ಬಂದ ಬೈಗುಳ ಬಾಯಲ್ಲೇ ಉಳಿಯಿತು.

ಶನಿವಾರ ಇವರು ಸ್ಕೂಲಿಗೆ ಹೋದ ಮೇಲೆ ಹಾಳೆ ಎದುರಿಗಿಟ್ಟುಕೊಂಡು ಕೂತೆ. ಕೀಬೋರ್ಡಿನ ಚಿತ್ರ ಬಂತು. ಶಟ್‌ಡೌನ್ ಒತ್ತುವ ಬದಲು ಗಡಿಬಿಡಿಯಲ್ಲಿ ಅದರ ಪಕ್ಕದ್ದನ್ನು ಒತ್ತಿ ಡೆಲ್ ಮಾಡಿಬಿಟ್ಟೆ. ಅಯ್ಯೋ ಏನು ಅಳಿಸಿದೆನೋ ಎಂದುಕೊಂಡೆ. ಸೇವ್ ಒತ್ತಿಲ್ಲವಲ್ಲ ಎಂದು ಜ್ಞಾಪಿಸಿಕೊಂಡು, ಉಳಿಸದೆ ಮುಚ್ಚಿ, ಮತ್ತೆ ಮೊದಲಿನಿಂದ ಮಾಡಿದೆ. ಆಮೇಲೆ ನುಗ್ಗೇಹಳ್ಳಿಯ ಆ ಹೆಂಗಸನ್ನೇ ಮೊದಲು ಬರೆದೆ, ಬೇಕೆಂದೇ. ಕಂಟ್ರೋಲ್ ಹಿಡಿದು ಎಫ್ ಒಂಬತ್ತು ಒತ್ತಿದೆ, ಕಣ್ಣು ಮುಚ್ಚಿಕೊಂಡು. ತೆರೆದರೆ ಪರದೆ ಅಲ್ಲೇ ಇತ್ತು, ತಾರೀಖುಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ಅತ್ತೆ ಮಂಚದ ಮೇಲಿಂದಲೇ ಕೈಮುಗಿದರು. ಶಾಂತಿ ಮಾಡಿದ್ದು ತಡವಾಗಿ ಫಲ ಕೊಟ್ಟಿತು ಎಂದು ಅವರು ನಂಬಿದ್ದಾರೆ, ನಾನು ಬಿಡಿಸಿ ಹೇಳಲು ಹೋಗಿಲ್ಲ.

ಇವರಿಗೆ ಶನಿವಾರ ಹೇಳಲಿಲ್ಲ. ಭಾನುವಾರದ ತನಕ ನೋಡೋಣ ಎಂದುಕೊಂಡೆ. ಬೆಳಿಗ್ಗೆ ಮುಖಕ್ಷೌರ ಆಯಿತು, ಇಸ್ತ್ರಿ ಶರಟು ಆಯಿತು, ಎಂದೂ ಇಲ್ಲದ ಕರ್ಚೀಫು ಆಯಿತು. ಚಪ್ಪಲಿ ಮೆಟ್ಟುವಾಗ 'ಒಂದು ನಿಮಿಷ ಬನ್ನಿ ಇಲ್ಲಿ' ಎಂದು ಕರೆದು, ಅವರ ಎದುರಿಗೆ ಕೀಲಿ ಒತ್ತಿ ತೋರಿಸಿದೆ. ನೋಡಿದರು. ಹೆಂಡತಿ ಇಷ್ಟು ದೊಡ್ಡ ಗಂಟು ಬಿಡಿಸಿದ್ದಾಳೆ, ಹೇಗೆ ಬಿಡಿಸಿದೆ ಎಂದು ಕೇಳಬಾರದೇ? 'ಹಾಗಾದ್ರೆ ಅವ್ಳು ಬರೋದು ಬೇಡ್ವೇನೇ?' ಎಂದರು. ಅಷ್ಟೇ ಅವರ ಬಾಯಿಂದ ಬಂದದ್ದು. ಶರ್ವಾಣಿ, ಆ ಘಳಿಗೆಯಲ್ಲಿ ನಿನ್ನ ಮೇಲೆ ನನಗೆ ಬಂದಷ್ಟು ಕೋಪ ನಿನ್ನ ಕಾಗದ ಓದಿದಾಗಲೂ ಬಂದಿರಲಿಲ್ಲ.

'ಅಧಿಕ ಶ್ರಾವಣದ್ದು ಯಾರು ಸರಿಮಾಡಿದ್ದು?' ಎಂದೆ. ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತರು. 'ಅವಳು ಬಂದಾಗಲೆಲ್ಲ ನೀನು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ನನಗೆ ಇದೆಲ್ಲ ಬರುತ್ತೆ ಅಂತ ಅಂದ್ಕೊಂಡಿದ್ದೆ ನೀನು. ಬರಲ್ಲ ಅಂತ ಹೇಗೆ ಹೇಳಲೇ?' ಎಂದರು. ನೋಡಿದೆಯಾ? ನಾನು ಹೊಟ್ಟೆ ಉರಿದು ನೋಡುತ್ತಿದ್ದೆ, ಈ ಮನುಷ್ಯ ನಾನು ಮೆಚ್ಚಿ ನೋಡುತ್ತಿದ್ದೇನೆ ಎಂದುಕೊಂಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶರಟು ಬಿಚ್ಚಿಡಿ, ಕೊಳೆಯಾಗುತ್ತದೆ ಎಂದೆ.

ಆದರೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಇಷ್ಟು ವರ್ಷ ನಾನು ಇಲ್ಲಿ ಗೊಣಗಿದ್ದು ಅಲ್ಲಿ ನಿನಗೆ ಕೇಳಿಸುತ್ತಿತ್ತು. ನಾನು ಕೈನೋವು ಎಂದರೆ ನೀನು ಅಲ್ಲಿ ಕೂತು ಏನೋ ಬದಲಾಯಿಸುತ್ತಿದ್ದೆ, ಮಾರನೆಯ ವಾರ ನನಗೆ ಒಂದು ಕೀಲಿ ಒತ್ತುವ ಕೆಲಸ ಕಡಿಮೆಯಾಗುತ್ತಿತ್ತು. ಅದೆಲ್ಲ ಗಂಡನ ಪ್ರೀತಿ ಎಂದು ನಾನು ಒಳಗೊಳಗೇ ಬೀಗಿಕೊಂಡೆ. ಅದರಲ್ಲಿ ಅವರದೆಷ್ಟು, ನಿನ್ನದೆಷ್ಟು ಎಂದು ಬೇರೆ ಮಾಡಲು ಕೂತರೆ ತಲೆ ಕೆಡುತ್ತದೆ. ನನ್ನ ಮಾತನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಈ ಮನೆಯಲ್ಲಿ ಯಾರೂ ಇಲ್ಲ ಎನ್ನುವುದಂತೂ ಸುಳ್ಳಲ್ಲ. ಅದನ್ನು ನಿನಗೆ ಬರೆಯಬೇಕಾಗಿ ಬಂತಲ್ಲ, ನನ್ನ ಹಣೆಬರಹ.

ಇನ್ನು ಮೇಲೆ ನಡುವೆ ದಲ್ಲಾಳಿ ಬೇಡ. ನನಗೆ ಬೇಕಾದ್ದು ಇನ್ನೂ ಎಷ್ಟೋ ಇದೆ. ವಿಳಾಸ ಬದಲಾದವರದ್ದು, ಗಂಡುಮಕ್ಕಳು ಬೇರೆಯಾದ ಮನೆಗೆ ಎರಡು ಕಾರ್ಡು ಹೋಗಬೇಕಾದ್ದು, ತಿಥಿ ಎರಡು ದಿನ ಹಂಚಿಹೋದರೆ ಯಾವುದನ್ನು ಹಿಡಿಯಬೇಕು ಎನ್ನುವುದು. ಇವರ ಬಾಯಲ್ಲಿ ಹೇಳಿಸಿದರೆ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ನಾನೇ ಹೇಳುತ್ತೇನೆ. ನೀನು ಮಾಡಿಕೊಡುವುದೂ ಬೇಡ, ಅದನ್ನು ಬರೆಯುವುದು ಹೇಗೆಂದು ನನಗೇ ಕಲಿಸು. ನಿನ್ನ ಹತ್ತಿರ ಹೇಳಿಸಿಕೊಳ್ಳುವಾಗ ನನಗೆ ಉರಿಯುತ್ತದೆ, ಉರಿಯಲಿ. ಕಲಿಯುವಾಗ ಒಲೆ ಯಾರು ನೋಡುತ್ತಾರೆ ಎನ್ನುವ ಚಿಂತೆ ನಿನಗೆ ಬೇಡ, ಅನ್ನ ಸಾರು ಬೆಳಿಗ್ಗೆಯೇ ಮಾಡಿ ಮುಚ್ಚಿಡುತ್ತೇನೆ.

ಬಾ.

ಹಂಸ

ಮ. ಸ.: ದಿನ ಬರೆಯುವುದನ್ನೇ ಮರೆತೆ. ಗುರುವಾರ ರಜ ಹಾಕು. ಅವತ್ತು ಇವರಿಗೆ ಅರಕಲಗೂಡಿನಲ್ಲಿ ತರಬೇತಿ, ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಚನ್ನರಾಯಪಟ್ಟಣಕ್ಕೆ ಸಾಯಂಕಾಲ ನಾಲ್ಕಕ್ಕೆ ಮಂಚಯ್ಯನ ಬಸ್ಸಿದೆ. ನಾನೇ ಸ್ಟ್ಯಾಂಡಿಗೆ ಬಂದು ನಿನ್ನನ್ನು ಹತ್ತಿಸುತ್ತೇನೆ, ಬಸ್ಸು ತಿರುವು ದಾಟುವ ತನಕ ನಿಂತೂ ಇರುತ್ತೇನೆ.